ಬತ್ತಿದ ಜೇನುಹಾಲು

ಡಂಗುರದವನು ಸಂತೆಯ ನಡುವೆ ನಿಂತು ಸಾರಿದ: “ಕೇಳ್ರಪ್ಪೋ ಕೇಳಿ! ಯುವರಾಣಿ ಕನಕಾಂಬೆ ಒಡ್ಡುವ ಮೂರು ಒಗಟು ಬಿಡಿಸಿದವನಿಗೆ ಅವರನ್ನೇ ಧಾರೆ ಎರೆದು ಕೊಡಲಾಗುವುದು. ತಪ್ಪಿದವನ ತಲೆ ಹುಣ್ಣಿಮೆಯ ದಿನ ಹಾರುವುದು. ಇದು ಅರಸರ ಅಪ್ಪಣೆ!”

ಮಡಕೆ ಮಾರುತ್ತಿದ್ದ ಹೊನ್ನಿಗನಿಗೆ ಮದುವೆಯ ಆಸೆ ಇರಲಿಲ್ಲ. ಆದರೆ ಒಗಟೆಲ್ಲ ಜೇನಿನ ಮೇಲಂತೆ ಎಂದು ಯಾರೋ ಅಂದಾಗ ಅವನ ಕೈ ನಿಂತಿತು. ತೀರಿಹೋದ ಮಹಾರಾಣಿ ಅರಮನೆಯ ತೋಟದಲ್ಲಿ ಹನ್ನೆರಡು ಮಡಕೆಗಳಲ್ಲಿ ಜೇನು ಸಾಕಿದ್ದಳು. ಆ ಮಡಕೆ ಮಾಡಿಕೊಟ್ಟವನು ಇವನ ಅಪ್ಪ; ಜೇನಿನ ಬಾಳನ್ನು ಅವನಿಂದಲೇ ಇವನು ಕಲಿತಿದ್ದ. ಈಗ ಹನ್ನೊಂದು ಬರಿದಾಗಿ ಒಂದೇ ಉಳಿದಿದೆಯಂತೆ.

ಅರಮನೆಯ ಬಾಗಿಲ ಕಾವಲಿನವನು ಅವನನ್ನು ಕಂಡು ನಕ್ಕ. “ಏನಯ್ಯಾ ಕುಂಬಾರ, ಒಡೆದರೆ ಇನ್ನೊಂದು ಸುಟ್ಟುಕೊಳ್ಳೋಕೆ ತಲೆ ಏನು ಮಡಕೆಯೇ?”

ಸಭೆಯಲ್ಲಿ ಯುವರಾಣಿ ಕೇಳಿದಳು: “ಒಬ್ಬಳೇ ತಾಯಿ, ಒಂದೇ ಬಗೆಯ ಮೊಟ್ಟೆ. ಒಂದರಲ್ಲಿ ಹುಟ್ಟಿದವಳು ಅರಸಿ, ಇನ್ನೊಂದರಲ್ಲಿ ಹುಟ್ಟಿದವಳು ಆಳು. ಹೀಗೆ ಬೇರೆ ಮಾಡಿದ್ದು ಯಾವುದು?”

“ಹಣೆಬರಹ,” ಎಂದ ನೆರೆನಾಡಿನ ರಾಜಕುಮಾರ. ಅವನನ್ನು ಸೆರೆಗೆ ಒಯ್ದರು.

ಮಂತ್ರಿಯ ಮಗ “ಉಣಿಸು” ಎಂದು ಮೊದಲನೆಯದನ್ನು ಗೆದ್ದ. “ಕೆಚ್ಚಲಿಲ್ಲ, ಹೆತ್ತವಳೂ ಅಲ್ಲ, ಆದರೂ ಕೂಸಿಗೆ ಹಾಲೂಡುವವಳು ಯಾರು?” ಎಂದು ಯುವರಾಣಿ ಕೇಳಿದಾಗ “ಅರಸಿಜೇನು” ಎಂದುಬಿಟ್ಟ. ಅವನೂ ಸೆರೆಗೆ ನಡೆದ.

ಹೊನ್ನಿಗ ಮುಂದೆ ಬಂದ. “ಮೊದಲನೆಯದು ಉಣಿಸೇ ಅಮ್ಮಣ್ಣಿ. ಎಲ್ಲ ಮರಿಗೂ ಮೂರು ದಿನ ಬಿಳಿಯ ಹಾಲು ಸಿಗುತ್ತದೆ. ಅರಸಿಯಾಗುವ ಮರಿಗೆ ಮಾತ್ರ ಕೊನೆತನಕ. ಹಾಲೂಡುವವರು ಇನ್ನೂ ಗೂಡು ಬಿಟ್ಟು ಹಾರದ ಎಳೆಯ ಆಳುಜೇನುಗಳು. ತಮ್ಮ ತಲೆಯೊಳಗಿಂದ ಹಾಲಿಳಿಸಿ ತಂಗಿಯರನ್ನು ಸಾಕುತ್ತಾರೆ.”

ಯುವರಾಣಿಯ ದನಿ ಇಳಿಯಿತು. “ನಮ್ಮಮ್ಮನ ಕೊನೆಯ ಗೂಡಿನ ಅರಸಿ ಮುದಿಯಾಗಿದ್ದಾಳೆ. ದಿನವೂ ಬೆಳ್ಳಿ ಬಟ್ಟಲಲ್ಲಿ ಸಕ್ಕರೆ ಪಾನಕ ಇಡುತ್ತೇವೆ. ಆದರೂ ಹಾಲು ಬತ್ತಿದೆ, ಹೊಸ ಅರಸಿ ಹುಟ್ಟುತ್ತಿಲ್ಲ. ಯಾಕೆ? ಇದೇ ಮೂರನೆಯ ಒಗಟು, ಇದರ ಉತ್ತರ ನನಗೂ ಗೊತ್ತಿಲ್ಲ.”

ಬರುವಾಗಲೇ ಹೊನ್ನಿಗ ತೋಟವನ್ನು ಕಂಡಿದ್ದ. ಎಲ್ಲ ಹಸುರು, ಒಂದೂ ಹೂವಿಲ್ಲ. ಹೆಂಡತಿ ಹೋದಂದಿನಿಂದ ಅರಸನದು ಒಂದೇ ವ್ರತ ಎಂಬುದು ಊರಿಗೆಲ್ಲ ಗೊತ್ತಿತ್ತು: ಅವಳ ತೋಟದ ಹೂವನ್ನೆಲ್ಲ ದಿನವೂ ತನ್ನ ಕೈಯಾರೆ ಬಿಡಿಸಿ ದೇವರಿಗೆ ಏರಿಸುವುದು.

“ಪಾನಕದಿಂದ ಹಾರುವ ಬಲ ಬಂದೀತು, ಹಾಲು ಬಾರದು,” ಎಂದ ಹೊನ್ನಿಗ. “ಬಾಣಂತಿಗೆ ಬರೀ ಸಕ್ಕರೆ ನೀರು ಕೊಟ್ಟರೆ ಎದೆಹಾಲು ಇಳಿದೀತೇ? ಎಳೆಜೇನು ಹೂವಿನ ಪುಡಿ ತಿನ್ನಬೇಕು. ಆ ಪುಡಿಯೆಲ್ಲ ದೇವರ ಮುಡಿಯಲ್ಲಿದೆ.”

ಅರಸ ಎದ್ದು ನಿಂತ. “ನನ್ನ ಪೂಜೆಯೇ ಅವಳ ಜೇನನ್ನು ಕೊಂದಿತು ಅನ್ನುತ್ತೀಯಾ?”

“ಭಕ್ತಿಯಲ್ಲಿ ಕುಂದಿಲ್ಲ ಬುದ್ಧಿ. ಹುಣ್ಣಿಮೆಗೆ ಇನ್ನೂ ಹನ್ನೆರಡು ದಿನ ಇದೆ. ಅಲ್ಲಿತನಕ ಹೂ ಗಿಡದಲ್ಲೇ ಇರಲಿ. ಹಾಲು ಕಾಣದಿದ್ದರೆ ತಲೆ ಇಲ್ಲೇ ಇದೆ, ತೆಗೆಯಿರಿ.”

ಹುಣ್ಣಿಮೆಯ ಬೆಳಿಗ್ಗೆ ತಲೆ ಕಡಿಯುವವನು ಕತ್ತಿ ಹಿಡಿದು ತೋಟಕ್ಕೆ ಬಂದು ನಿಂತ. ಯುವರಾಣಿ ತಾನೇ ಹೊಗೆ ಹಾಯಿಸಿ ಮಡಕೆಯ ಮುಚ್ಚಳ ತೆಗೆದಳು. ಜೇನುಹುಟ್ಟಿನ ಅಂಚಿನಲ್ಲಿ ಬೆರಳ ತುದಿಯಂಥ, ಅರಸಿಮರಿಯ ಹೊಸ ಗೂಡು ಜೋತಿತ್ತು. ಒಳಗೆ ಒಂದು ಪುಟ್ಟ ಮರಿ, ಬೆಳ್ಳನೆ ಹಾಲಿನಲ್ಲಿ ತೇಲುತ್ತಿತ್ತು. ಅವಳು ಅತ್ತುಬಿಟ್ಟಳು.

“ಏನು ಬೇಕು ಕೇಳಪ್ಪ, ಅಳಿಯ,” ಎಂದ ಅರಸ.

“ಮೊದಲು ಸೆರೆಯಲ್ಲಿರುವ ಆ ಇಬ್ಬರನ್ನು ಬಿಡಿಸಿ ಬುದ್ಧಿ.”

ಅವರು ಬಿಡುಗಡೆಯಾಗಿ ಬಂದ ಮೇಲೆಯೇ ಧಾರೆ ನಡೆಯಿತು. ಅಂದು ಅರಸ ಬರಿಗೈಯಲ್ಲಿ ದೇವರ ಮುಂದೆ ನಿಂತ. ಕಿಟಕಿಯಾಚೆ, ಜೇನು ಮುತ್ತಿದ ಗಿಡದ ಕಡೆ ಕೈ ತೋರಿಸಿ, “ಇವತ್ತಿನ ಹೂ ಅಲ್ಲಿದೆ ಸ್ವಾಮಿ,” ಎಂದು ಕಣ್ಣು ಮುಚ್ಚಿ ಕೈ ಮುಗಿದ.