ಎರಡು ಅಡಿಯ ಹಲಗೆ

ಮಾರ್ಚ್ ಹನ್ನೊಂದು. ಬಿರುಬಿಸಿಲು, ಗಾಳಿಯಿಲ್ಲ.

ಪುರಸಭೆಯಿಂದ ನಡೆದು ಬಂದ ಮರುಳಪ್ಪ ಮಠದ ಜಗಲಿಯ ಮೇಲೆ ಕುಸಿದು ಕುಳಿತ. ಮಠದವರು ಪೇಟೆಯಲ್ಲಿ ಓದುಮನೆ ತೆರೆದಿದ್ದರು. ಅದಕ್ಕೆ ಫಲಕ ಹಾಕಲು ಅನುಮತಿ ತರುವ ಕೆಲಸ ಈ ಶಿಷ್ಯನ ಪಾಲಿಗೆ ಬಂದಿತ್ತು. ಅರ್ಜಿ ಕೊಟ್ಟದ್ದು ದೀಪಾವಳಿಗೂ ಮೊದಲು.

“ಸಾಕಾಯಿತು, ಬುದ್ಧಿ. ಒಬ್ಬರು ನಕ್ಷೆ ಕೇಳುತ್ತಾರೆ, ಕೊಟ್ಟರೆ ಇನ್ನೊಬ್ಬರು ಬೇರೆ ನಕ್ಷೆ ಕೇಳುತ್ತಾರೆ. ಇವತ್ತು ಫಲಕವೇ ದೊಡ್ಡದಾಯಿತಂತೆ. ‘ಯಾರು ಬೇಕಾದರೂ ಬನ್ನಿ’ ಎಂಬ ಕೆಳಗಿನ ಸಾಲು ತೆಗೆದರೆ ನಾಳೆಯೇ ಸಹಿ ಹಾಕುತ್ತಾರಂತೆ. ಒಂದು ಸಾಲು ಬಿಟ್ಟರೆ ಏನು ನಷ್ಟ?”

ಗುರುಗಳು ನೀರಿನ ತಂಬಿಗೆಯನ್ನು ಅವನ ಕಡೆ ಸರಿಸಿ ಹೇಳತೊಡಗಿದರು.

ಒಬ್ಬ ವ್ಯಾಪಾರಿ ಇದ್ದ. ಅವನ ತಾಯಿ ಬುಟ್ಟಿ ಹೊತ್ತು ಚಟ್ನಿಪುಡಿ ಮಾರಿ ಅವನನ್ನು ಬೆಳೆಸಿದ್ದಳು. ಬೀದಿಯವರು ಆಕೆಯನ್ನು “ಏ ಚಟ್ನಿಪುಡಿ” ಎಂದು ಕೂಗುತ್ತಿದ್ದರು. ಸಾಯುವವರೆಗೂ ಆಕೆಯ ಹೆಸರು ಕೇಳಿದವರಿಲ್ಲ. ಮಗ ಅದೇ ಬೀದಿಯಲ್ಲಿ ಅಂಗಡಿ ಇಟ್ಟ. ತಾಯಿಯ ಹೆಸರನ್ನು ಬೀದಿಯೆಲ್ಲ ಓದಬೇಕೆಂದು ಹಲಗೆ ಬರೆಸಿದ: “ಗುರುಬಸಮ್ಮನವರ ಚಟ್ನಿಪುಡಿ ಅಂಗಡಿ.”

ಅನುಮತಿ ಕೇಳಲು ಹೋದ. ಬೀದಿದೀಪಕ್ಕೆ ಅಡ್ಡವಾಗುತ್ತದೆ, ಕುಗ್ಗಿಸಿ ಎಂದರು. ಜಾಗ ಸಾಲದೆ “ನವರ” ಬಿಟ್ಟು ಬರೆಸಿದ. ಹೆತ್ತ ತಾಯಿಗೆ ಬಹುವಚನ ಯಾಕೆ ಎಂದು ತನಗೆ ತಾನೇ ಹೇಳಿಕೊಂಡ. ಮತ್ತೆ ಹೋಗುವಷ್ಟರಲ್ಲಿ ಅಧಿಕಾರಿ ಬದಲಾಗಿದ್ದರು. ಹೊಸಬರು, ಚರಂಡಿಯ ಮೇಲೆ ಚಾಚುತ್ತದೆ ಎಂದರು. “ಅಂಗಡಿ” ಹೋಯಿತು. ಅಂಗಡಿ ಕಣ್ಣಿಗೇ ಕಾಣುತ್ತದಲ್ಲ ಎಂದುಕೊಂಡ. ಆಮೇಲೆ ಕಡತ ಸಿಗಲಿಲ್ಲ. ಕಡತ ಸಿಕ್ಕಾಗ ಅಧಿಕಾರಿ ಸಿಗಲಿಲ್ಲ. ಕಚೇರಿಯ ಬಾಗಿಲಲ್ಲಿ ಮಲಗುವ ನಾಯಿ ಕೂಡ ಅವನನ್ನು ಕಂಡು ಬೊಗಳುವುದನ್ನು ಬಿಟ್ಟಿತು.

ಕೊನೆಗೆ ಗುಮಾಸ್ತನಿಗೇ ಬೇಸರ ಬಂತು.

“ಯಾಕ್ರೀ ಯಜಮಾನರೇ, ಸುಮ್ನೆ ಚಪ್ಪಲಿ ಸವೆಸ್ತೀರಿ? ಹಲಗೆ ಉದ್ದ ಎರಡು ಅಡಿ ಒಳಗಿದ್ರೆ ಅನುಮತೀನೇ ಬೇಡ. ಶುಲ್ಕಾನೂ ಇಲ್ಲ.”

“ಇದನ್ನ ಮೊದಲೇ ಹೇಳಬಾರದಿತ್ತೇನ್ರೀ?”

“ನೀವು ಅನುಮತಿ ಬೇಕು ಅಂತ ಬಂದ್ರಿ. ಬೇಡ ಅಂತ ನಾ ಹೆಂಗ್ ಹೇಳ್ಲಿ?”

ವ್ಯಾಪಾರಿಗೆ ಸಿಟ್ಟೂ ಬಂತು, ನಗುವೂ ಬಂತು. ಅಂದು ಸಂಜೆಯೇ ಬಡಗಿಯನ್ನು ಕರೆಸಿ ಹಲಗೆ ಕೊಯ್ಯಿಸಿದ. ಅದರಲ್ಲಿ ಒಂದೇ ಪದಕ್ಕೆ ಜಾಗ ಉಳಿಯಿತು. ಬರೆಸಿ ಬಾಗಿಲ ಮೇಲೆ ಹೊಡೆಸಿದ.

ಗುರುಗಳು ಕಥೆಯನ್ನು ಅಲ್ಲಿಗೆ ನಿಲ್ಲಿಸಿದರು. ಮರುಳಪ್ಪ ತಂಬಿಗೆ ಕೆಳಗಿಟ್ಟ. ಆ ವ್ಯಾಪಾರಿಯ ಕೆಲಸವಾದರೂ ಮುಗಿಯಿತಲ್ಲ ಎಂದು ಅವನಿಗೆ ಒಳಗೊಳಗೇ ಹೊಟ್ಟೆಕಿಚ್ಚಾಗಿತ್ತು.

“ಹಾಗಾದರೆ ಬಿಟ್ಟಿಯಾಗಿಯೇ ಆಯಿತೇ, ಬುದ್ಧಿ? ಕಡೆಗೆ ಅವನು ಏನೂ ಕೊಡಲಿಲ್ಲವೇ?”

“ಹಲಗೆ ಈಗಲೂ ಅಲ್ಲೇ ಇದೆ, ಮರುಳಪ್ಪ, ‘ಚಟ್ನಿಪುಡಿ’ ಎಂದು ಬರೆದಿದೆ.”