ಬಾಯಲ್ಲಿ ತುತ್ತು

ಆಯುಧಪೂಜೆಯ ಮಾರನೇ ದಿನ ಹಾಲಿನ ಸೊಸೈಟಿಯ ಹಳೇ ಕಂಪ್ಯೂಟರು ಏಳಲೇ ಒಲ್ಲೆ ಎಂದಿತು. ಸ್ವಿಚ್ ಒತ್ತಿದರೆ ಕರಕರ ಸದ್ದು ಮಾಡಿ, ಕಪ್ಪು ಪರದೆಯ ಮೇಲೆ ಒಂದು ಇಂಗ್ಲಿಷ್ ಸಾಲು ತೋರಿಸಿ ಸುಮ್ಮನಾಗುತ್ತಿತ್ತು. ಅದನ್ನು ನಡೆಸುವ ಆಪರೇಟರಮ್ಮ ರಜೆ.

ಅಧ್ಯಕ್ಷ ರುದ್ರಮುನಿಯವರು ಕಸ ಗುಡಿಸುವ ಚಿಕ್ಕತಾಯಮ್ಮನ ಮೇಲೆ ಹರಿಹಾಯ್ದರು. "ಬಟ್ಟೇಲಿ ಒರೆಸಿ ಒರೆಸಿ ಕೆಡಿಸಿದವಳು ನೀನೇ. ಸರಿಮಾಡು, ಇಲ್ಲ ನಾಳೆಯಿಂದ ಬರಬೇಡ."

ಚಿಕ್ಕತಾಯಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಅದು ಕೆಟ್ಟಿಲ್ಲ ಸಾ. ಬಾಯಲ್ಲಿ ತುತ್ತು ಇಟ್ಕೊಂಡು ಹೆಂಗೆ ಮಾತಾಡ್ತದೆ?"

"ಯಾವ ತುತ್ತು?"

"ನಿನ್ನೆ ಪೂಜೇಲಿ ತಾವೇ ಲೆಕ್ಕ ತುಂಬಿಡೋ ಒಂದು ಫ್ಲಾಪಿ ಬಿಲ್ಲೆಗೆ ಕುಂಕುಮ ಹಚ್ಚಿ, ಕೈ ಮುಗಿದು, ಅದರ ಬಾಯಿಗೆ ಕೊಟ್ರಲ್ಲ. ಇನ್ನೂ ಅಲ್ಲೇ ಅದೆ. ಅದು ಒಳಗಿದ್ರೆ ಇದು ಏಳಾಕಿಲ್ಲ; ಆಪರೇಟರಮ್ಮ ದಿನಾ ಫ್ಲಾಪಿ ತೆಗೆದೇ ಸ್ವಿಚ್ ಹಾಕೋದು."

ಅವಳು ಅದರ ಬಾಯಿಯ ಪಕ್ಕದ ಗುಂಡಿ ಒತ್ತಿದಳು. ಕುಂಕುಮ ಮೆತ್ತಿದ ಫ್ಲಾಪಿ ಹೊರಗೆ ಇಣುಕಿತು. ಮತ್ತೆ ಸ್ವಿಚ್ ಹಾಕಿದರೆ, ಕಂಪ್ಯೂಟರು ಗಂಟಲು ಸರಿಮಾಡಿಕೊಂಡು ಎದ್ದೇಬಿಟ್ಟಿತು.

ಅಧ್ಯಕ್ಷರ ಹುಬ್ಬುಗಂಟು ಸಡಿಲಿತು. "ನೈವೇದ್ಯ ಇಡೋದು ಗೊತ್ತಿತ್ತು ಕಣಮ್ಮ, ಎತ್ತೋದು ಗೊತ್ತಿರಲಿಲ್ಲ," ಎಂದು ನಕ್ಕುಬಿಟ್ಟರು.

ಆಮೇಲೆ ಅದು ಹಟ ಹಿಡಿದಾಗಲೆಲ್ಲ ಅಧ್ಯಕ್ಷರು ಯಾರನ್ನೂ ಬೈಯಲಿಲ್ಲ. ಬಗ್ಗಿ, ಅದರ ಬಾಯಿಯ ಹತ್ತಿರ ಮುಖ ತಂದು, ಮೆಲ್ಲಗೆ ಕೇಳುತ್ತಿದ್ದರು: "ಊಟ ಆಯ್ತಾ?"