ತುಪ್ಪವನ್ನು ದಾಟಿಸಿದ ಇಬ್ಬದಿಯವರು

ನೆಲ ಇನ್ನೂ ಹಸಿಯಾಗಿತ್ತು. ಯಾವ ಕಡೆ ಹರಿಯಬೇಕು ಅಂತ ಹೊಳೆಗೇ ಗೊತ್ತಿರಲಿಲ್ಲ. ಬೆಳಿಗ್ಗೆ ಅತ್ತ ಹೋಗುತ್ತಿತ್ತು, ಮಧ್ಯಾಹ್ನ ಇತ್ತ ಬರುತ್ತಿತ್ತು. ಆ ಕಾಲದ ಮಾತು ಇದು.

ಆಗ ಎಲ್ಲಕ್ಕೂ ಮಾತು ಬರುತ್ತಿತ್ತು. ಗಾಳಿಗೆ, ಕಲ್ಲಿಗೆ, ಹೊಟ್ಟೆಗೂ. ಹೊಟ್ಟೆಯಂತೂ ಬಾಯಿಗಿಂತ ಹೆಚ್ಚು ಮಾತಾಡುತ್ತಿತ್ತು.

ಒಬ್ಬರ ಜೊತೆ ಒಬ್ಬರು ಮಾತು ಬಿಟ್ಟವರು ಇಬ್ಬರೇ. ತುಪ್ಪ ಮತ್ತು ನೀರು. ಯಾಕೆ ಜಗಳ ಬಂತೋ ಇಬ್ಬರಿಗೂ ಮರೆತುಹೋಗಿತ್ತು. ಆದರೂ ತುಪ್ಪ ಮೇಲೆ ಬಂದು ಕೂತರೆ ನೀರು ಕೆಳಗೆ ಮುಖ ತಿರುಗಿಸಿ ಮಲಗುತ್ತಿತ್ತು.

ಹೊಳೆಯ ದಂಡೆಯಲ್ಲಿ ಹುಲಿಗೆಪ್ಪ ಹರಿಗೋಲು ಹೆಣೆದು ಜನರನ್ನು ದಾಟಿಸುತ್ತಿದ್ದ. ಬಿದಿರಿನ ದುಂಡನೆಯ ಬುಟ್ಟಿ, ಹೊರಗೆ ತೊಗಲು. ಅವನ ಹೆಂಡತಿ ಗಾಳೆವ್ವ. ಮಗಳು ದುರುಗಿ, ಮೂರು ವರ್ಷದವಳು, ಕಡ್ಡಿಯ ಹಾಗಿದ್ದಳು. ಅನ್ನಕ್ಕೆ ತುಪ್ಪ ಸುರಿದು ಸುರಿದು ತಿನ್ನಿಸಿದರೂ ಮೈ ಹತ್ತಲಿಲ್ಲ. ಈಗೀಗ ಎದ್ದು ನಿಲ್ಲುವುದನ್ನೂ ಬಿಟ್ಟು ಕಣ್ಣು ಮುಚ್ಚಿಯೇ ಮಲಗಿರುತ್ತಿದ್ದಳು.

“ಗಡಿಗಿ ತುಪ್ಪ ಖಾಲಿ ಆತು. ಕೂಸಿನ ಎಲುಬು ಎಣಸಬಹುದು. ಅದು ಎಲ್ಲಿಗೆ ಹೋಗತೈತಿ, ಕೇಳಿ ನೋಡ್ರಿ,” ಅಂದಳು ಗಾಳೆವ್ವ.

ಹುಲಿಗೆಪ್ಪ ಮಗಳ ಹೊಕ್ಕುಳಿಗೆ ಕಿವಿ ಇಟ್ಟ. ಕರುಳನ್ನು ಕೇಳಿದ.

ಕರುಳು ನೊಂದುಕೊಂಡಿತು. ತನಗೆ ಲಕ್ಷ ಬೆರಳಿವೆ, ಆದರೆ ಎಲ್ಲ ಬೆರಳೂ ಒದ್ದೆ ಅಂತು. ತುಪ್ಪ ಬರುತ್ತದೆ, ನೀರನ್ನು ನೋಡುತ್ತದೆ, ಮೂಗು ಮುರಿದು ಮುಂದೆ ಜಾರುತ್ತದೆ. ಕೈಗೇ ಸಿಗುವುದಿಲ್ಲ.

“ಹಂಗಾರ ಯಾರಾರ ದಾಟಿಸಬೇಕು,” ಅಂದ ಹುಲಿಗೆಪ್ಪ. ಅವನಿಗೆ ಗೊತ್ತಿದ್ದ ಕೆಲಸ ಅದೊಂದೇ.

ಪಿತ್ತದ ಚೀಲದಲ್ಲಿ ಇಬ್ಬದಿಯವರು ಅಂತ ಒಂದು ಮಂದಿ ಇದ್ದರು. ಕಣ್ಣಿಗೆ ಕಾಣದಷ್ಟು ಸಣ್ಣವರು. ಅವರ ತಲೆಗೆ ನೀರು ಇಷ್ಟ. ಎರಡು ಕಾಲಿಗೂ ಜಿಡ್ಡು ಇಷ್ಟ. ಅತ್ತಲೂ ಅಲ್ಲ, ಇತ್ತಲೂ ಅಲ್ಲ ಅಂತ ಎಲ್ಲರೂ ಆಡಿಕೊಳ್ಳುತ್ತಿದ್ದರು. ಕರುಳು ಅವರನ್ನೇ ಕರೆಸಿತು.

ಬಂದರು. ಬಹಳ ಮರ್ಯಾದಸ್ತರು. ತುಪ್ಪದ ಹನಿಯ ಸುತ್ತ ದುಂಡಗೆ ಕೂತರು. ಮನೆಗೆ ಬಂದವರ ಕಡೆ ಕಾಲು ಚಾಚಬಾರದಲ್ಲ. ಅದಕ್ಕೇ ತಲೆ ಒಳಗೆ, ಕಾಲು ಹೊರಗೆ. ಜಿಡ್ಡಿನ ಕಾಲು ನೀರಿಗೆ ತಾಗಿತು. ನೀರು ಛೀ ಅಂತು. ಒದ್ದೆ ತಲೆ ತುಪ್ಪಕ್ಕೆ ತಾಗಿತು. ತುಪ್ಪವೂ ಛೀ ಅಂತು. ಎಲ್ಲರೂ ಚೆಲ್ಲಾಪಿಲ್ಲಿ.

ಹುಲಿಗೆಪ್ಪನಿಗೆ ಸದ್ದಿನಲ್ಲೇ ತಪ್ಪು ತಿಳಿಯಿತು. ಹೊಕ್ಕುಳಿಗೆ ಬಾಯಿ ಇಟ್ಟ.

“ತೊಗಲು ಹೊರಗ, ಬಿದಿರು ಒಳಗ. ಹರಿಗೋಲು ಇರೋದೇ ಹಂಗ. ತಲಿ ಹೊರಗ ಮಾಡ್ರಿ, ಕಾಲು ಒಳಗ ಚಾಚ್ರಿ.”

“ಬೀಗರ ಮಾರಿಗೆ ಕಾಲು ಚಾಚೋದಾ?” ಅಂತ ಇಬ್ಬದಿಯವರ ಹಿರಿಯ ಕೇಳಿದ.

“ನಿಮ್ಮ ಮರ್ಯಾದಿ ನೋಡಕೋತ ಕುಂತರ ನನ್ನ ಮಗಳು ಉಳಿಯಂಗಿಲ್ಲ. ಚಾಚ್ರಿ.”

ಅವರು ಕಣ್ಣು ಮುಚ್ಚಿಕೊಂಡು ಚಾಚಿದರು. ತುಪ್ಪಕ್ಕೆ ಖುಷಿಯೇ ಆಯಿತು. ಮೆತ್ತನೆ ಕಾಲು, ಜಿಡ್ಡು ಜಿಡ್ಡು, ತವರಿಗೆ ಬಂದ ಹಾಗೆ. ಹೊರಗೆ ಬರೀ ತಲೆ ಕಂಡು ನೀರೂ ದಾರಿ ಬಿಟ್ಟಿತು. ಪುಟ್ಟ ಪುಟ್ಟ ಹರಿಗೋಲುಗಳು ಹೊರಟವು. ದಾರಿಯಲ್ಲಿ ಮೇಣಪ್ಪನ ಮನೆಯವರು, ತುಪ್ಪದ ದೂರದ ನೆಂಟರು, ಮೇಣದಂಥ ಗಟ್ಟಿ ಮೈಯವರು, ತಾವೂ ಬರುತ್ತೇವೆ ಅಂತ ಹತ್ತಿಕೊಂಡರು.

ದಡ ಬಂತು. ಯಾರೂ ಇಳಿಯಲಿಲ್ಲ. ಇಬ್ಬದಿಯವರು ಬಿಡಬೇಕಲ್ಲ. ಇರ್ರಿ, ಉಂಡು ಹೋಗ್ರಿ, ಇನ್ನೊಂದಿನ ಇದ್ದು ಹೋಗ್ರಿ ಅಂತ ಎರಡೂ ಕಾಲಲ್ಲಿ ಬಿಗಿಯಾಗಿ ಹಿಡಿದಿದ್ದರು. ಕರುಳು ಬೆರಳು ಚಾಚಿ ಚಾಚಿ ಸೋತಿತು. ದುರುಗಿ ಕಣ್ಣು ತೆರೆಯಲಿಲ್ಲ.

ಆಗ ಕರುಳಿನ ಪಕ್ಕದ ಮನೆಯಿಂದ ಕತ್ತರೆವ್ವ ಬಂದಳು. ಕಡಿಮೆ ಮಾತಿನವಳು. ಒಬ್ಬೊಬ್ಬರದೂ ಒಂದೊಂದು ಕಾಲನ್ನು ಕಚಕ್ ಕಚಕ್ ಅಂತ ಕತ್ತರಿಸಿ ತೆಗೆದಳು. ನೋವಾಗಲಿಲ್ಲ, ಕಚಗುಳಿಯಾಯಿತು.

“ಆಚಿ ದಂಡಿಗೆ ಬರ್ರಿ, ಕಾಲು ಜೋಡಿಸಿ ಕೊಡತೀನಿ,” ಅಂದಳು.

ಒಂದೇ ಕಾಲಲ್ಲಿ ಎಷ್ಟು ಅಂತ ಹಿಡಿಯುವುದು? ಹಿಡಿತ ಸಡಿಲವಾಯಿತು. ತುಪ್ಪ ದಡಕ್ಕೆ ಜಿಗಿಯಿತು. ಕರುಳಿನ ಬೆರಳುಗಳು ಗಪ್ಪನೆ ಹಿಡಿದವು. ಮೇಣಪ್ಪನ ಮನೆಯವರೂ ಇಳಿದರು, ಎಲ್ಲರೂ ಅಲ್ಲ. ಕತ್ತರೆವ್ವನ ಕೈ ತಲುಪದ ಹರಿಗೋಲುಗಳಲ್ಲಿ ಇದ್ದವರು ಇಳಿಯಲಾಗದೆ ಹಾಗೇ ಮುಂದೆ ಹೋಗಿಬಿಟ್ಟರು. ಒಳ್ಳೆಯದೇ ಆಯಿತು. ಆ ಮಂದಿ ಹೆಚ್ಚಾದರೆ ರಕ್ತ ಓಡಾಡುವ ದಾರಿಯಲ್ಲೇ ಕೂತು ಹರಟೆ ಹೊಡೆಯುವವರು.

ಹತ್ತನೇ ದಿನ ದುರುಗಿ ಎದ್ದು ನಿಂತಳು. ಹನ್ನೊಂದನೇ ದಿನ ಹಸಿವು ಅಂತ ಅತ್ತಳು. ಗಾಳೆವ್ವ ನಕ್ಕಳು. ಹುಲಿಗೆಪ್ಪ ಕೆಲಸ ಬಿಟ್ಟು ಆ ನಗುವನ್ನು ಬಹಳ ಹೊತ್ತು ನೋಡುತ್ತಾ ಕೂತ.

ಆಚೆ ದಂಡೆಯಲ್ಲಿ ಕಾಲು ಜೋಡಿಸಿಕೊಂಡ ಇಬ್ಬದಿಯವರು ಅಂದಿನಿಂದ ಹೊಟ್ಟೆಯಲ್ಲೇ ದುಡಿಯುತ್ತಿದ್ದಾರೆ, ತಟ್ಟೆಗೆ ಬರುವುದಿಲ್ಲ. ಅದಕ್ಕೇ ಕಂದಾ, ನೀನು ತುಪ್ಪದನ್ನ ಉಂಡು ಎದ್ದ ಮೇಲೆ ತಟ್ಟೆಗೆ ಎಷ್ಟು ನೀರು ಸುರಿದರೂ ಜಿಡ್ಡು ಬಿಡುವುದಿಲ್ಲ, ನಿನ್ನ ಕೆನ್ನೆ ಮಾತ್ರ ದಿನದಿನಕ್ಕೂ ತುಂಬಿಕೊಳ್ಳುತ್ತದೆ.